ಸಣ್ಣ ಕೂಸಿಗೆ ಸೂಜಿ ಬೇಡ ಎಂದವರು ನಾವೇ

ಹೋದ ವರ್ಷ ಪಿರಿಯಾಪಟ್ಟಣದ ನನ್ನ ಖಾಲಾಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಮಗುವಿನ ತೂಕ ಒಂದು ಕಿಲೋ ಏಳುನೂರು ಗ್ರಾಂ. ಹೆಪಟೈಟಿಸ್ ಬಿ ಲಸಿಕೆ ಹಾಕಲು ನರ್ಸ್ ಬಂದಾಗ ನಾನಿ ತಡೆದರು. "ಅಂಗೈಯಷ್ಟಿರೋ ಕೂಸಿಗೆ ಸೂಜಿ ಯಾಕಮ್ಮ? ಸ್ವಲ್ಪ ಮೈ ಕೈ ತುಂಬಿಕೊಳ್ಳಲಿ" ಎಂದರು. ಯಾರೂ ಎದುರಾಡಲಿಲ್ಲ. ಜೀವಶಾಸ್ತ್ರ ಓದುವ ನಾನೂ ತಲೆಯಾಡಿಸಿದೆ. ಸಂಜೆ ವೈದ್ಯರು ಬಂದು ಮಾತಾಡಿದ ಮೇಲೆ ಖಾಲಾ ತಾನೇ "ಹಾಕಿ ಡಾಕ್ಟ್ರೇ" ಎಂದಳು.

ನಾನಿಯ ಮಾತಿನಲ್ಲಿ ಇದ್ದದ್ದು ಪ್ರೀತಿಯೇ. ಆದರೆ ಲೆಕ್ಕ ತಿರುಗುಮುರುಗಾಗಿತ್ತು. ತಾಯಿಯ ರಕ್ತದ ಐಜಿಜಿ ಪ್ರತಿಕಾಯಗಳು ಜರಾಯುವಿನ ಮೂಲಕ ಮಗುವಿಗೆ ಹೆಚ್ಚಾಗಿ ದಾಟುವುದು ಕೊನೆಯ ಮೂರು ತಿಂಗಳಲ್ಲಿ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗು ಆ ಬುತ್ತಿಯನ್ನು ಪೂರ್ತಿ ಕಟ್ಟಿಕೊಳ್ಳದೆ ಹೊರಟುಬಂದಿರುತ್ತದೆ. ಅಂದರೆ ರಕ್ಷಣೆ ಹೆಚ್ಚು ಬೇಕಾದದ್ದು ಸಣ್ಣ ಕೂಸಿಗೇ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಹೆಪಟೈಟಿಸ್ ಬಿ ತಗುಲಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಜೀವನಪೂರ್ತಿ ಉಳಿದು, ಮುಂದೆ ಯಕೃತ್ತನ್ನು ಕೆಡಿಸಬಹುದು. ದೊಡ್ಡವರಲ್ಲಿ ಹಾಗೆ ಉಳಿಯುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್.

ಇನ್ನೊಂದು ವೈರಸ್ ಮಗು ಹುಟ್ಟುವವರೆಗೂ ಕಾಯುವುದಿಲ್ಲ. ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಮಗು ಕಡಿಮೆ ತೂಕದಲ್ಲಿ ಹುಟ್ಟಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಮೊದಲು ಗುರುತಿಸಿದರು. ಇಂಥ ಮಗುವಿನ ರಕ್ತದಲ್ಲಿ ಐಜಿಎಂ ಪ್ರತಿಕಾಯ ಸಿಗುತ್ತದೆ. ಐಜಿಎಂ ಜರಾಯು ದಾಟುವುದಿಲ್ಲ, ಆದ್ದರಿಂದ ಅದು ಮಗುವೇ ತಯಾರಿಸಿದ್ದು. ಹೊಟ್ಟೆಯೊಳಗೇ ಆ ಜೀವ ಒಂಟಿಯಾಗಿ ಹೋರಾಡಿದ್ದಕ್ಕೆ ಅದು ಸಾಕ್ಷಿ. ಆದರೆ ಅಷ್ಟು ಹೊತ್ತಿಗೆ ಕಣ್ಣು, ಕಿವಿಗೆ ಆಗಬೇಕಾದ ಹಾನಿ ಆಗಿರುತ್ತದೆ.

ಇದನ್ನು ತಡೆಯಲು 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಯಿತು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಉಚಿತ. ನಾನಾಗ ಎರಡನೇ ತರಗತಿ. ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವಾಟ್ಸಾಪ್ ಮೆಸೇಜ್ ನೋಡಿ ಅಮ್ಮಿ ಆ ದಿನ ನನ್ನನ್ನು ಶಾಲೆಗೇ ಕಳಿಸಲಿಲ್ಲ. ಅದು ಶುದ್ಧ ಸುಳ್ಳು. ಮುಂದೆ ಹುಟ್ಟುವ ಮಕ್ಕಳನ್ನು ಕಾಪಾಡುವ ಲಸಿಕೆಯನ್ನೇ ಮಕ್ಕಳಾಗದಂತೆ ಮಾಡುತ್ತದೆಂದು ನಂಬಿ ಬಿಟ್ಟೆವು. ಈಗ ಅಮ್ಮಿಗೂ ಬೇಸರವಿದೆ. ನನ್ನ ತರಗತಿಯಲ್ಲಿ ಹೀಗೆ ತಪ್ಪಿಸಿಕೊಂಡವಳು ನಾನೊಬ್ಬಳೇ ಅಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆ. ಬ್ಯಾರನ್‌ಗೆ ಬೆಂಕಿ ಬಿದ್ದ ಮೇಲೆ ಗರ್ಭಿಣಿಯರೂ ಸೊಪ್ಪು ಕಟ್ಟುತ್ತಾರೆ, ಹೊಗೆಯಲ್ಲೇ ಓಡಾಡುತ್ತಾರೆ. ಹೊಗೆ, ರಕ್ತಹೀನತೆ, ಚಿಕ್ಕ ವಯಸ್ಸಿನ ಮದುವೆ, ಇವೆಲ್ಲ ಮಗುವಿನ ತೂಕ ಇಳಿಸುವ ಕಾರಣಗಳೇ. ಎಚ್.ಡಿ. ಕೋಟೆಯ ಹಾಡಿಗಳಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ಸಣ್ಣ ಕೂಸನ್ನು ಸಾಗಿಸುವುದು ಎಷ್ಟು ಕಷ್ಟವೆಂದು ಅಲ್ಲಿಂದ ಬರುವ ಗೆಳತಿಯರನ್ನು ಕೇಳಿ. ಹಾಗಾಗಿ ಇಲ್ಲೇ ತಡೆಯಬಹುದಾದದ್ದನ್ನು ಇಲ್ಲೇ ತಡೆಯಬೇಕು.

ನನ್ನ ಕೋರಿಕೆ ದೊಡ್ಡದಲ್ಲ. ಪ್ರಾಂಶುಪಾಲರು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಒಂದು ದಿನ ಕಾಲೇಜಿಗೆ ಕರೆಸಲಿ, ತಾಯಂದಿರನ್ನೂ ಕೂರಿಸಲಿ. ರುಬೆಲ್ಲಾ ಲಸಿಕೆ ತಪ್ಪಿದವರು ಮದುವೆಗೆ ಮೊದಲೇ ಹಾಕಿಸಿಕೊಳ್ಳುವ ಬಗ್ಗೆ ಕೇಳಲಿ. ಗರ್ಭ ನಿಂತ ಮೇಲೆ ಅದನ್ನು ಕೊಡುವಂತಿಲ್ಲ. ಹುಡುಗರೂ ಬರಲಿ. ನಾಳೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೂಂ, ಊಹೂಂ ಎನ್ನುವವರು ಅವರೇ.

ಖಾಲಾಳ ಮಗ ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ಮುಂದಿನ ಲಸಿಕೆಯ ದಿನ ಯಾವತ್ತು ಎಂದು ತಾಯಿ ಕಾರ್ಡ್ ತೆಗೆದು ಕೇಳುವವರು ಈಗ ನಾನಿಯೇ.