ಯಾವ ಕಸುಬು?
ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಮಾದಕ ವಸ್ತು ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳೇ ಮುಂದಿದ್ದದ್ದು ಒಂದೇ ಬಾಬತ್ತಿನಲ್ಲಿ: ಮೂಸುವ ನಶೆ. ವಯಸ್ಕರಲ್ಲಿ ಶೇ 0.58, 10ರಿಂದ 17 ವರ್ಷದವರಲ್ಲಿ ಶೇ 1.17. ವೈಟ್ನರ್, ಥಿನ್ನರ್, ಪಂಕ್ಚರ್ ಅಂಟು, ಪೆಟ್ರೋಲು. ಇವಕ್ಕೆ ಕಳ್ಳಸಾಗಣೆದಾರ ಬೇಕಿಲ್ಲ. ಇಂಥ ಹುಡುಗನನ್ನು ಚಿಕಿತ್ಸೆ ಕೊಡಿಸಿ ತಂದ ಮೇಲೆ ‘ಏನಾದರೂ ಕಸುಬು ಕಲಿಸಿ’ ಎನ್ನುವುದು ಎಲ್ಲರ ಸಲಹೆ. ಸರಿಯೇ, ಆದರೆ ಆ ‘ಏನಾದರೂ’ ಬಹುಪಾಲು ಗ್ಯಾರೇಜು, ಪೇಂಟಿಂಗು, ಚಪ್ಪಲಿ ಕೆಲಸವೇ ಆಗಿರುತ್ತದೆ. ಅಲ್ಲಿ ಕೈಗೆಟಕುವುದು ಅದೇ ಡಬ್ಬಿ! ಕುಡಿತ ಬಿಟ್ಟವನನ್ನು ಬಾರಿನ ಗಲ್ಲಾಪೆಟ್ಟಿಗೆಯಲ್ಲಿ ಕೂರಿಸಿದ ಹಾಗೆ. ಬೇಕರಿ, ಹೊಲಿಗೆ, ವೈರಿಂಗ್ ವಾಸಿ. ಐಟಿಐ ಸೇರಲು 14 ತುಂಬಿದರೆ ಸಾಕು, ನಿಜ. ಆದರೆ ಹೆಚ್ಚಿನ ಟ್ರೇಡುಗಳು ಎಸ್ಸೆಸ್ಸೆಲ್ಸಿ ಕೇಳುತ್ತವೆ, ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ಎಲ್ಲಿಂದ ತರಬೇಕು? ಅವನ ಪಾಲಿಗೆ ಉಳಿಯುವುದು ಒಬ್ಬ ಒಳ್ಳೆಯ ಮೇಸ್ತ್ರಿ. ಮೇಸ್ತ್ರಿ ಉಪನ್ಯಾಸ ಕೊಡಬೇಕಿಲ್ಲ (ಅದನ್ನು ಕೊಡುವವರು ಊರ ತುಂಬ ಇದ್ದಾರೆ). ಸೋಮವಾರ ಹುಡುಗ ಬರದಿದ್ದರೆ ಮನೆಗೆ ಹೋಗಿ ನೋಡಬೇಕು. ಮತ್ತೆ ಮೂಸಿದನೆಂದು ಗೊತ್ತಾದ ದಿನವೇ ಹೊರಗಟ್ಟಬಾರದು; ಮರುಕಳಿಸುವುದು ಈ ಕಾಯಿಲೆಯ ಸ್ವಭಾವ, ಆಗ ಆಪ್ತಸಮಾಲೋಚಕರ ಬಳಿಗೆ ಕರೆದೊಯ್ಯಬೇಕು. ಇನ್ನು ಶನಿವಾರದ ಬಟವಾಡೆ. ಕೈತುಂಬ ನೋಟು, ಮರುದಿನ ರಜೆ, ಹಳೇ ಗೆಳೆಯರು: ಕೆಲಸ ಕಲಿತವರೂ ಜಾರುವುದು ಇಲ್ಲೇ. ಹಾಗಾಗಿ ಕೂಲಿಯ ದೊಡ್ಡ ಪಾಲು ಹುಡುಗನದೇ ಬ್ಯಾಂಕ್ ಖಾತೆಗೆ ಹೋಗಲಿ, ಬಸ್ಸಿಗೂ ತಿಂಡಿಗೂ ಆಗುವಷ್ಟು ಕೈಗೆ ಸಿಗಲಿ, ಭಾನುವಾರ ಅರ್ಧ ದಿನವಾದರೂ ಯಾರಾದರೂ ಜೊತೆಗಿರಲಿ.