ಮಕ್ಕಳ ತಟ್ಟೆಯ ಮುಂದೆ ಗೇಲಿ ಬೇಡ

ಗಿರಾಕಿ ಅರ್ಧ ದೋಸೆ ಬಿಟ್ಟು ಎದ್ದರೆ ಕಾರಣವೇನೆಂದು ಹೋಟೆಲಿನವರಾದ ನಾವು ತಟ್ಟೆ ನೋಡಿಯೇ ಹೇಳಬಲ್ಲೆವು. ಮನೆಯಲ್ಲಿ ಮಗಳು ತಟ್ಟೆ ಸರಿಸಿದರೆ ಮಾತ್ರ 'ಸೊಕ್ಕು' ಎಂದುಬಿಡುತ್ತೇವೆ.

ನಮ್ಮ ಹಳೆಯ ಪಾಳಿಯ ಗೆಳೆಯರೊಬ್ಬರ ಮಗಳಿಗೆ ಹದಿನಾಲ್ಕು ವರುಷ. ಊರಿನಿಂದ ಬಂದ ಸೋದರಮಾವ ತುಂಬಿದ ಖೋಲಿಯಲ್ಲಿ, "ಏನೇ ಡುಮ್ಮಿ, ನಿನ್ನ ಮದುವೆಗೆ ಮೊದಲು ಬಾಗಿಲು ಅಗಲ ಮಾಡಿಸಬೇಕು" ಎಂದರು. ಎಲ್ಲರೂ ನಕ್ಕರು. ಅಲ್ಲಿದ್ದ ನಾವೂ ನಕ್ಕೆವು. ಮರುದಿನದಿಂದ ಶಾಲೆಯ ಡಬ್ಬಿ ಗೆಳತಿಯರ ಪಾಲಾಯಿತು. ರಾತ್ರಿ ಹಸಿವು ತಡೆಯದೆ ಕದ್ದು ತಿನ್ನುವುದು, ಬಳಿಕ ಬೆರಳು ಹಾಕಿ ಕಾರುವುದು. ತಾಯಿ ಪಿತ್ತವೆಂದು ಜೀರಿಗೆ ಕಷಾಯ ಕೊಟ್ಟರು. ಮುಟ್ಟು ನಿಂತ ಮೇಲೆಯೇ ಆಸ್ಪತ್ರೆಗೆ ಹೋದದ್ದು.

ಒಂದು ಮಾತಿನಿಂದಲೇ ರೋಗ ಬಂತೆಂದು ಡಾಕ್ಟರರು ಹೇಳಲಿಲ್ಲ. ಹುಟ್ಟಿನಿಂದ ಬಂದದ್ದು, ಎಲ್ಲವೂ ಚೊಕ್ಕವಾಗಿರಬೇಕೆಂಬ ಹಟ, ಊಟ ಬಿಟ್ಟು ತೆಳ್ಳಗಾಗುವ ಗೀಳು, ಎಲ್ಲ ಕೂಡುತ್ತವೆ. ಗೇಲಿಯೂ ಅವುಗಳಲ್ಲಿ ಒಂದು. ಅದನ್ನು ನಿಲ್ಲಿಸಲು ನಮಗೆ ಕಾಸು ಬೇಡ.

ಇದು ಸಿರಿವಂತರ ಮಕ್ಕಳ ರೋಗವೆನ್ನುವವರು ಫಿಜಿ ದ್ವೀಪದ ಸಂಗತಿ ಕೇಳಬೇಕು. ಅಲ್ಲಿಯ ಮೂಲನಿವಾಸಿಗಳಿಗೆ ಮೈತುಂಬಿದ ದೇಹವೇ ಲಕ್ಷಣ. ಬಂದವರಿಗೆ ನಮ್ಮಂತೆಯೇ "ಉಣ್ಣಿ, ಉಣ್ಣಿ" ಎಂಬ ಬಲವಂತ. 1995ರಲ್ಲಿ ನಾದ್ರೋಗಾ ಪ್ರಾಂತಕ್ಕೆ ಟೆಲಿವಿಷನ್ ಬಂತು. ಆಗ ಆನ್ ಬೆಕರ್ ಎಂಬ ಅಮೆರಿಕದ ವೈದ್ಯೆ ಶಾಲೆಯ ಹುಡುಗಿಯರನ್ನು ವಿಚಾರಿಸಿದರೆ, ತೆಳ್ಳಗಾಗಲು ವಾಂತಿ ಮಾಡುವವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ವಿಚಾರಿಸಿದಾಗ ನೂರಕ್ಕೆ ಸುಮಾರು 11 ಮಂದಿ! ಅದು ಊರಿಗೆ ಬಂದ ಒಂದು ಪೆಟ್ಟಿಗೆಯ ಕತೆ. ನಮ್ಮ ಮಕ್ಕಳ ಅಂಗೈಯಲ್ಲೇ ಈಗ ಮೊಬೈಲಿದೆ. ಹುಡುಗರೂ ಹೊರತಲ್ಲ. 'ಕಡ್ಡಿ' ಎನಿಸಿಕೊಂಡವನು ಮೈ ಬೆಳೆಸಲು ಯಾವಯಾವುದೋ ಪುಡಿ ಕುಡಿಯುತ್ತಾನೆ.

ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವಲ್ಲಿ ಈ ತೊಂದರೆ ಕಡಿಮೆಯೆಂದು ಬಲ್ಲವರು ಕಂಡಿದ್ದಾರೆ. ನಾವು ಒಲೆ ಆರಿಸಿ ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ವಾರದ ರಜೆ ತಪ್ಪಿಸಬೇಡಿರೆಂದರೆ, "ಮನೆಯಲ್ಲಿ ಕುಳಿತು ಏನು ಮಾಡುತ್ತೀರಿ?" ಎನ್ನುವ ಧಣಿಗಳಿದ್ದಾರೆ. ಮಕ್ಕಳ ಜೊತೆ ಉಣ್ಣುತ್ತೇವೆ, ಸ್ವಾಮೀ.

ಹುಡುಗಿಗೆ ಇನ್ನೂ ಚಿಕಿತ್ಸೆ ನಡೆದಿದೆ. ಮೊನ್ನೆ ಆ ಮಾವ ಮತ್ತೆ ಬಂದಿದ್ದರು. ಊಟಕ್ಕೆ ಕುಳಿತವರೇ, "ಏನೇ, ಈ ಸಲ ಇಷ್ಟು ಸೊರಗಿ..." ಎಂದು ಬಾಯಿ ತೆರೆದರು. ತಾಯಿ ಸೌಟು ಹಿಡಿದು ನಡುವೆ ಬಂದರು: "ಅಣ್ಣಾ, ನಿನಗೆ ಸಾರು ಹಾಕಲೇ?"