ಸ್ಥಾವರ ಮೀಟರು, ಜಂಗಮ ಬಾಡಿಗೆದಾರ

ಸ್ಥಾವರ, ಜಂಗಮ ಎಂಬ ಜೋಡಿಪದಗಳು ಕನ್ನಡಿಗರಿಗೆ ಹನ್ನೆರಡನೆಯ ಶತಮಾನದ ಬಳುವಳಿ. ನಿಂತದ್ದು ಒಂದು, ನಡೆಯುವುದು ಇನ್ನೊಂದು. ವಚನಕಾರರು ಅನುಭಾವದ ನೆಲೆಯಲ್ಲಿ ತೋರಿದ ಈ ಭೇದವನ್ನು ಬಾಡಿಗೆ ಮನೆ ಬದಲಿಸುವ ಸಂಸಾರಸ್ಥನು ತೀರ ಲೌಕಿಕವಾದ ಎರಡು ವಸ್ತುಗಳಲ್ಲಿ ಕಾಣುತ್ತಾನೆ. ಅಡುಗೆ ಅನಿಲದ ಸಂಪರ್ಕ ಅವನ ಹೆಸರಿನಲ್ಲಿರುತ್ತದೆ, ಅವನೊಡನೆ ಊರೂರು ಸುತ್ತುತ್ತದೆ. ವಿದ್ಯುತ್ ಸಂಪರ್ಕ ಗೋಡೆಯ ಹೆಸರಿನಲ್ಲಿರುತ್ತದೆ, ಗೋಡೆಯೊಡನೆ ಉಳಿಯುತ್ತದೆ. ವರ್ಷಗಟ್ಟಲೆ ಕರೆಂಟಿನ ಬಿಲ್ಲು ಕಟ್ಟಿದವನು ಮನೆ ಬಿಟ್ಟು ಹೊರಟಾಗ ಅವನ ಕೈಯಲ್ಲಿ ಅದರದೊಂದು ಗುರುತೂ ಉಳಿದಿರುವುದಿಲ್ಲ. ಈ ಅಂತರ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ. ವರ್ಗಾವಣೆ, ಉದ್ಯೋಗ, ಓದು ಎಂದು ತವರುನಾಡಿನಿಂದ ಹೊರಗೆ ಬದುಕು ಕಟ್ಟಿಕೊಂಡ ನಮ್ಮಂಥವರಿಗಂತೂ ಇದು ಹಣದ ಪ್ರಶ್ನೆಯೂ ಹೌದು, ಗುರುತಿನ ಪ್ರಶ್ನೆಯೂ ಹೌದು.

ನಾನಿರುವ ಅಬಿಡ್ಸ್ ತನ್ನ ಹೆಸರನ್ನು ಪಡೆದದ್ದು ಆರನೆಯ ನಿಜಾಮರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಎಂಬವರ ಅಂಗಡಿಯಿಂದ. ಅಂಗಡಿ ಹೋಯಿತು, ಹೆಸರು ಉಳಿಯಿತು. ಇಲ್ಲಿನ ಹಳೆಯ ಕಟ್ಟಡಗಳ ಮೆಟ್ಟಿಲ ಕೆಳಗೆ ಸಾಲಾಗಿ ಜೋಡಿಸಿದ ಮೀಟರುಗಳ ಕಥೆಯೂ ಹೀಗೆಯೇ. ತೀರಿಹೋದ ತಾತನ ಹೆಸರಿನಲ್ಲಿ, ಎಂದೋ ಮನೆ ಮಾರಿ ಹೋದವರ ಹೆಸರಿನಲ್ಲಿ ಪ್ರತಿ ತಿಂಗಳೂ ಬಿಲ್ಲು ಬರುತ್ತಲೇ ಇರುತ್ತದೆ. ಹಣ ಕಟ್ಟುವವರು ಬೇರೆ ಯಾರೋ. 1956ಕ್ಕೆ ಮೊದಲು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಿಗೂ ನೌಕರಿಗೂ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರು ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನೇ ಕಟ್ಟಿಕೊಂಡರು. ಸಂಘಕ್ಕೊಂದು ಸ್ವಂತ ವಿಳಾಸ ದಕ್ಕಿತು. ಬಾಡಿಗೆ ಮನೆಯಲ್ಲಿರುವ ಸದಸ್ಯನಿಗೆ ಮಾತ್ರ ಇಂದಿಗೂ ವಿಳಾಸವೆಂಬುದು ಮನೆಯ ಮಾಲೀಕರ ದಾಕ್ಷಿಣ್ಯದಲ್ಲಿದೆ.

ಇನ್ನೊಂದು ವಿನೋದವನ್ನು ಗಮನಿಸಿ. ಈ ನಗರದ ಮನೆಯೊಂದಕ್ಕೆ ಬರುವ ಬಿಲ್ಲಿನ ಮೇಲೆ ಪೂರೈಕೆದಾರರ ಹೆಸರು ಬದಲಾಗುತ್ತಲೇ ಬಂದಿದೆ. 1959ರಲ್ಲಿ ಸ್ಥಾಪನೆಯಾದ ಆಂಧ್ರಪ್ರದೇಶ ರಾಜ್ಯ ವಿದ್ಯುತ್ ಮಂಡಳಿ 1999ರಲ್ಲಿ ಒಡೆಯಿತು. 2000ದಲ್ಲಿ ಕೇಂದ್ರ ವಲಯದ ವಿತರಣಾ ಕಂಪನಿ ಹುಟ್ಟಿತು. ರಾಜ್ಯ ಇಬ್ಭಾಗವಾದ 2014ರಲ್ಲಿ ಅದು ಟಿಎಸ್‌ಎಸ್‌ಪಿಡಿಸಿಎಲ್ ಆಯಿತು, 2024ರಲ್ಲಿ ಟಿಜಿಎಸ್‌ಪಿಡಿಸಿಎಲ್ ಆಯಿತು. ಮನೆಯೊಳಗಿನ ನಿವಾಸಿಗಳಂತೂ ಎಷ್ಟು ಬಾರಿ ಬದಲಾದರೋ! ಕೊಡುವವರ ಹೆಸರೂ ಬದಲಾಯಿತು, ಬಳಸುವವರೂ ಬದಲಾದರು. ಬಿಲ್ಲಿನ ಮೇಲಿನ ಗ್ರಾಹಕನ ಹೆಸರೊಂದೇ ಶಾಶ್ವತ.

ಅಡುಗೆ ಅನಿಲದ ಏರ್ಪಾಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೇರೆ ಊರಿಗೆ ಹೊರಟವನು ಸಿಲಿಂಡರು ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ಒಂದು ವೋಚರನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಹೊಸ ಊರಿನ ಏಜೆನ್ಸಿಯಲ್ಲಿ ಅದನ್ನು ತೋರಿಸಿ, ಠೇವಣಿ ಕಟ್ಟಿದರೆ ಸಂಪರ್ಕ ಮುಂದುವರಿಯುತ್ತದೆ. ಊರೊಳಗೇ ಬಡಾವಣೆ ಬದಲಾದರೆ ಸಿಲಿಂಡರನ್ನು ಒಪ್ಪಿಸುವ ಅಗತ್ಯವೂ ಇಲ್ಲ; ವರ್ಗಾವಣೆಯ ಪತ್ರವೊಂದೇ ಸಾಕು. 2014ರ ಜನವರಿಯಿಂದ ದೇಶದ ನೂರಾರು ಜಿಲ್ಲೆಗಳಲ್ಲಿ, ಮನೆ ಬದಲಿಸದೆಯೂ ಏಜೆನ್ಸಿಯನ್ನು ಮತ್ತು ಕಂಪನಿಯನ್ನು ಬದಲಿಸುವ ಅವಕಾಶ ಬಂತು. ಕೂಲಿಗಾಗಿ ವಲಸೆ ಹೋಗುವವರಿಗೆ ಗುರುತಿನ ಚೀಟಿಯೊಂದನ್ನೇ ನೋಡಿ ಐದು ಕಿಲೋದ ಸಿಲಿಂಡರು ಕೊಡುವ ವ್ಯವಸ್ಥೆಯಿದೆ. 2021ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳಿಂದ ವಿಳಾಸದ ಪುರಾವೆಯಾಗಿ ಸ್ವಯಂಘೋಷಣೆಯನ್ನೇ ಒಪ್ಪಿಕೊಳ್ಳಲಾಯಿತು. ಈ ವ್ಯವಸ್ಥೆಯಲ್ಲಿ ಕುಂದುಕೊರತೆಗಳಿಲ್ಲವೆಂದಲ್ಲ. ಆದರೆ ಅದರ ತಳಹದಿ ಸರಿಯಾಗಿದೆ: ಒಲೆ ಹಚ್ಚುವವರೇ ಗ್ರಾಹಕರು.

ವಿದ್ಯುತ್ತಿನಲ್ಲಿ ಈ ತಳಹದಿ ಇಲ್ಲದಿರುವುದರಿಂದ ಆಗುವ ನಷ್ಟವನ್ನು ಲೆಕ್ಕಹಾಕಿ ನೋಡಬಹುದು. 2022ರ ಏಪ್ರಿಲ್‌ನಲ್ಲಿ ತೆಲಂಗಾಣದಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ, ತಿಂಗಳಿಗೆ 100 ದಾಟಿ 200 ಯೂನಿಟ್ ಮೀರದ ಮನೆಗೆ ಮೊದಲ 100 ಯೂನಿಟ್‌ಗೆ ತಲಾ ₹3.40, ಅನಂತರದ್ದಕ್ಕೆ ₹4.80. ಬಳಕೆ 200 ದಾಟಿತೋ, ಮೊದಲ 200 ಯೂನಿಟ್‌ಗೇ ₹5.10, ಮುಂದಿನ ನೂರಕ್ಕೆ ₹7.70, ಅದರಾಚೆಯ ನೂರಕ್ಕೆ ₹9. ಒಂದು ಸಂಸಾರ 190 ಯೂನಿಟ್ ಬಳಸಿದರೆ ₹772. ಅಷ್ಟೇ ಬಳಸುವ ಎರಡು ಸಂಸಾರಗಳಿಗೆ ಎರಡು ಮೀಟರುಗಳಿದ್ದರೆ ಒಟ್ಟು ₹1,544. ಮಾಲೀಕರು ಇಬ್ಬರಿಗೂ ಸೇರಿ ಒಂದೇ ಮೀಟರು ಇಟ್ಟಿದ್ದರೆ 380 ಯೂನಿಟ್‌ಗೆ ₹2,510. ಇತರ ಶುಲ್ಕಗಳನ್ನು ಬಿಟ್ಟೇ ತಿಂಗಳಿಗೆ ₹966 ಹೆಚ್ಚು. ದೀಪ ಅಷ್ಟೇ, ಫ್ಯಾನು ಅಷ್ಟೇ. ಗೋಡೆಯ ಲೆಕ್ಕಕ್ಕೆ ಇಬ್ಬರೂ ಸೇರಿ ಒಬ್ಬ ದುಂದುಗಾರ. ಬಡವರ ಮೇಲಿನ ಹೊರೆ ಇಳಿಸಲೆಂದು ಮಾಡಿದ ಸ್ಲ್ಯಾಬುಗಳು ಒತ್ತೊತ್ತಾಗಿ ಬದುಕುವವರಿಗೇ ದಂಡವಾಗುವ ಬಗೆ ಇದು.

ಎರಡನೆಯದು ಠೇವಣಿ. ಬಳಕೆ ಹೆಚ್ಚಿದಂತೆ ವಿತರಣಾ ಕಂಪನಿಗಳು ಹೆಚ್ಚುವರಿ ಬಳಕೆ ಠೇವಣಿಯನ್ನು ಬಿಲ್ಲಿನೊಡನೆಯೇ ಕೇಳುತ್ತವೆ. ಇಲ್ಲಿ ಅದಕ್ಕೆ ಎಸಿಡಿ ಎನ್ನುತ್ತಾರೆ. ಬಾಡಿಗೆದಾರ ಕಟ್ಟುತ್ತಾನೆ, ಆ ಹಣ ಜಮೆಯಾಗುವುದು ಬಿಲ್ಲಿನ ಮೇಲೆ ಹೆಸರಿರುವವರ ಖಾತೆಗೆ. ಅವನು ಮನೆ ಬಿಡುವಾಗ ಇದನ್ನು ಮಾಲೀಕರಿಂದ ಕೇಳಿ ಪಡೆಯುವಷ್ಟು ಬಾಯಿ ಎಷ್ಟು ಜನಕ್ಕಿದೆ? ಮೂರನೆಯದು ಹಳೆಯ ಬಾಕಿ. ಹಿಂದಿನ ಮಾಲೀಕರು ಉಳಿಸಿಹೋದ ಬಾಕಿಯನ್ನು, ನಿಯಮಾವಳಿಯಲ್ಲಿ ಹಾಗೆ ಹೇಳಿದ್ದರೆ, ಕಟ್ಟಡ ಕೊಂಡವರಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ, ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ, ತೀರ್ಪಿತ್ತಿದೆ. ಕಂಪನಿಯ ಹಣ ಮುಳುಗಬಾರದೆಂಬ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಸಾಲವೂ ಮನುಷ್ಯನನ್ನು ಬಿಟ್ಟು ಗೋಡೆಗೆ ಅಂಟುತ್ತದೆ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನಮ್ಮ ದೇಶದಲ್ಲಿ ಕರೆಂಟಿನ ಬಿಲ್ಲು ಬರಿಯ ಬಿಲ್ಲಲ್ಲ, ನಾಗರಿಕತ್ವದ ಚಿಲ್ಲರೆ ನಾಣ್ಯ. ಬ್ಯಾಂಕಿನಲ್ಲಿ, ಆಧಾರ್ ಕೇಂದ್ರದಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿಯೂ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಹಣ ಕಟ್ಟುವವನ ಹೆಸರು ಅದರಲ್ಲಿಲ್ಲದಿದ್ದರೆ, ತಾನಿರುವಲ್ಲೇ ತಾನಿದ್ದೇನೆಂದು ಸಾಬೀತುಪಡಿಸಲು ಅವನು ಮತ್ತೊಬ್ಬರ ಸಹಿಗಾಗಿ ಕಾಯಬೇಕು. ನನ್ನಂಥ ಸರ್ಕಾರಿ ನೌಕರನಿಗೆ ಕಚೇರಿಯ ಪತ್ರವಾದರೂ ಸಿಗುತ್ತದೆ. ಯಾದಗಿರಿಯಿಂದ ಬಂದು ಕಟ್ಟಡದ ಕೆಲಸ ಮಾಡುವವನಿಗೆ, ಹಾಸ್ಟೆಲು ಬಿಟ್ಟು ಗೆಳತಿಯರೊಡನೆ ಕೋಣೆ ಹಿಡಿದ ಹುಡುಗಿಗೆ ಅದೂ ಇಲ್ಲ.

ಕಾನೂನು ಇದಕ್ಕೆ ಅಡ್ಡಬಂದಿದೆಯೇ ಎಂದರೆ, ಇಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೆಯ ಕಲಮು ಸ್ಥಳದ ಮಾಲೀಕರಷ್ಟೇ ಅಲ್ಲ, ಅಲ್ಲಿ ವಾಸಿಸುವವರು ಅರ್ಜಿ ಹಾಕಿದರೂ ವಿದ್ಯುತ್ ಕೊಡಬೇಕೆನ್ನುತ್ತದೆ. ಗ್ರಾಹಕರ ಹಕ್ಕುಗಳ ಬಗೆಗಿನ 2020ರ ನಿಯಮಗಳು 2024ರಲ್ಲಿ ತಿದ್ದುಪಡಿಯಾಗಿ, ಮಹಾನಗರಗಳಲ್ಲಿ ಹೊಸ ಸಂಪರ್ಕಕ್ಕೆ ಮೂರು ದಿನಗಳ ಗಡುವು ವಿಧಿಸಿವೆ. 2022ರಲ್ಲಿ ಸುಪ್ರೀಂ ಕೋರ್ಟು ಇನ್ನೂ ನೇರವಾಗಿ ಹೇಳಿತು: ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರ ಅಲ್ಲಿ ವಾಸವಿದ್ದಾನೆಯೇ ಎಂಬುದನ್ನಷ್ಟೇ ನೋಡಬೇಕು. ಹಾಗಿದ್ದೂ ‘ಟು-ಲೆಟ್’ ಫಲಕ ನೋಡಿ ಬಂದವನು ಮೊದಲ ದಿನವೇ ಮೀಟರು ತನ್ನ ಹೆಸರಿಗಾಗಬೇಕೆಂದರೆ ಮನೆ ಅವನಿಗೆ ಸಿಗುವುದಿಲ್ಲ. ಹಕ್ಕು ಕಾಯ್ದೆಯಲ್ಲಿದೆ, ಬೀಗದ ಕೈ ಮಾಲೀಕರಲ್ಲಿದೆ.

ಮಾಲೀಕರ ಭಯವನ್ನೂ ನ್ಯಾಯವಾಗಿ ತೂಗಬೇಕು. ಬಿಲ್ಲು ಬಾಡಿಗೆದಾರನ ಹೆಸರಿಗಾದರೆ ನಾಳೆ ಅವನು ಮನೆ ಬಿಡದೆ ಕುಳಿತಾನು, ಅದನ್ನೇ ಕೋರ್ಟಿನಲ್ಲಿ ಹಿಡಿದಾನು ಎಂಬುದು ಅವರ ಅಳುಕು. ನಿವೃತ್ತಿಯ ಹಣದಲ್ಲಿ ಎರಡು ಕೋಣೆ ಕಟ್ಟಿಸಿ ಬಾಡಿಗೆಯಿಂದಲೇ ಔಷಧಿ ಕೊಳ್ಳುವ ಹಿರಿಯರು ಹಾಗೆ ಅಂಜಿದರೆ ತಪ್ಪೆನ್ನಲಾಗದು. ಇದಕ್ಕೆ ಉತ್ತರ ಹಕ್ಕನ್ನು ಅಡಗಿಸುವುದರಲ್ಲಿಲ್ಲ, ಬಿಲ್ಲಿನ ಅರ್ಥವನ್ನು ಸ್ಪಷ್ಟಪಡಿಸುವುದರಲ್ಲಿದೆ. ಸಂಪರ್ಕ ಸಂಖ್ಯೆ ಕಟ್ಟಡಕ್ಕೇ ಇರಲಿ, ಕಟ್ಟಡದ ಒಡೆಯರ ಹೆಸರೂ ಇರಲಿ. ಅದರ ಕೆಳಗೆ ‘ಸದ್ಯದ ನಿವಾಸಿ’ ಎಂದು ಇನ್ನೊಂದು ಹೆಸರು, ಬಾಡಿಗೆ ಕರಾರಿನ ಅವಧಿಯೊಡನೆ ಮುದ್ರಿತವಾಗಲಿ; ಅವಧಿ ಮುಗಿದೊಡನೆ ತಾನೇ ಅಳಿಸಿಹೋಗಲಿ. ಠೇವಣಿಯೂ ಬಾಕಿಯೂ ಆ ಎರಡನೆಯ ಹೆಸರಿನೊಡನೆ ಬರಲಿ, ಹೋಗಲಿ. ಬಾಡಿಗೆದಾರ ಬಿಟ್ಟುಹೋದ ಬಾಕಿ ತನ್ನ ತಲೆಗೆ ಬರುತ್ತದೆಂಬ ಮಾಲೀಕರ ಇನ್ನೊಂದು ಚಿಂತೆಗೂ ಇದೇ ಪರಿಹಾರ.

ಇದು ಆಗದ ಮಾತಲ್ಲವೆಂಬುದಕ್ಕೆ ನಮ್ಮ ತವರಿನಲ್ಲೇ ಸಾಕ್ಷಿಯಿದೆ. 2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಕರ್ನಾಟಕದ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗಿನ ಬಳಕೆಯನ್ನು ಶುಲ್ಕದಿಂದ ಮುಕ್ತಗೊಳಿಸಿತು. ಬಾಡಿಗೆದಾರರನ್ನು ಅದರಿಂದ ಹೊರಗಿಡುವುದು ಸಾಧ್ಯವಿರಲಿಲ್ಲ. ಹೀಗಾಗಿ ಮನೆಯ ಆರ್‌ಆರ್ ಸಂಖ್ಯೆಗೆ ಅಲ್ಲಿ ವಾಸಿಸುವವರ ಆಧಾರ್ ಜೋಡಿಸಲಾಯಿತು. ಜನ ಮನೆ ಬದಲಿಸತೊಡಗಿದಾಗ ಹಳೆಯ ಸಂಖ್ಯೆಯ ನಂಟು ಕಳಚಿ ಹೊಸದಕ್ಕೆ ಜೋಡಿಸುವ ಅವಕಾಶವನ್ನೂ 2024ರಲ್ಲಿ ಕೊಡಬೇಕಾಯಿತು. ಅಂದರೆ ಮೀಟರು ಗೋಡೆಯಲ್ಲೇ ಇದ್ದು, ಸೌಲಭ್ಯ ಮಾತ್ರ ಮನುಷ್ಯನೊಡನೆ ನಡೆಯಿತು. ಉಚಿತ ವಿದ್ಯುತ್ತಿನ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆ ನೆವದಲ್ಲಿ ಬಾಡಿಗೆದಾರನು ವಿದ್ಯುತ್ ಇಲಾಖೆಯ ಕಡತದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು ನನಗೆ ದೊಡ್ಡ ಸಂಗತಿ. ತೆಲಂಗಾಣದಲ್ಲಿ 2024ರಲ್ಲಿ ಅದೇ ಹೆಸರಿನಿಂದ ಬಂದ ಯೋಜನೆ ಇಲ್ಲಿನ ಪಡಿತರ ಚೀಟಿಯನ್ನು ಆಧರಿಸಿದೆ. ರಾಯಚೂರಿನಲ್ಲಿ ಚೀಟಿ, ಹೈದರಾಬಾದಿನಲ್ಲಿ ಕೂಲಿ ಎಂಬವನಿಗೆ ಗಡಿಯ ಎರಡೂ ಕಡೆ ಜ್ಯೋತಿಯಿದೆ, ಬೆಳಕಿಲ್ಲ.

ಹೀಗಿರುವಾಗ ಸಾರ್ವಜನಿಕ ಚರ್ಚೆ ನಡೆಯುತ್ತಿರುವುದು ಬೇರೆಯದೇ ವಿಷಯದ ಮೇಲೆ. 2022ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ ಸ್ಥಾಯಿ ಸಮಿತಿಗೆ ಹೋದ ವಿದ್ಯುಚ್ಛಕ್ತಿ ತಿದ್ದುಪಡಿ ಮಸೂದೆಯ ಹೆಗ್ಗಳಿಕೆ, ಒಂದೇ ಪ್ರದೇಶದಲ್ಲಿ ಹಲವು ವಿತರಕರು, ಗ್ರಾಹಕನಿಗೆ ಆಯ್ಕೆ. ಆಯ್ಕೆ ಕೆಟ್ಟದ್ದಲ್ಲ. ಮುಂಬಯಿ ಉಪನಗರಗಳ ಕನ್ನಡಿಗರಿಗೆ ಅದರ ಪರಿಚಯವಿದೆ. ಟಾಟಾ ಪವರ್ ಚಿಲ್ಲರೆ ಗ್ರಾಹಕರಿಗೂ ವಿದ್ಯುತ್ ಮಾರಬಹುದೆಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದ ಮೇಲೆ, ಮರುವರ್ಷದಿಂದ ಅಲ್ಲಿನವರು ಅದೇ ತಂತಿಯಲ್ಲಿ ಬೇರೆಯವರ ಕರೆಂಟು ಕೊಳ್ಳುವಂತಾಯಿತು. ಬ್ರಿಟನ್ನಿನಲ್ಲಿರುವ ನಮ್ಮ ಬಂಧುಗಳಿಗೆ ಇದು ಮಾಮೂಲು. ಹೊಸ ಮನೆಗೆ ಕಾಲಿಟ್ಟ ದಿನ ಮೀಟರಿನ ಅಂಕಿ ಬರೆದುಕೊಂಡು, ಇರುವ ಪೂರೈಕೆದಾರರಿಗೆ ತಿಳಿಸಿ, ಆಮೇಲೆ ಬೇಕಾದವರಿಗೆ ಬದಲಾಗುತ್ತಾರೆ. 2022ರ ಜುಲೈಯಿಂದ ಬದಲಾವಣೆಗೆ ಐದು ಕೆಲಸದ ದಿನಗಳು ಸಾಕು. ಆದರೆ ಅದೇ ದೇಶದಲ್ಲಿ 2021ರ ಅನಿಲ ದರದ ಬಿಕ್ಕಟ್ಟಿನಲ್ಲಿ 25ಕ್ಕೂ ಹೆಚ್ಚು ಪೂರೈಕೆ ಕಂಪನಿಗಳು ಮುಳುಗಿದವು. ಆಯ್ಕೆಯೊಂದೇ ರಕ್ಷೆಯಲ್ಲ.

ನನ್ನ ವಾದ ಇಷ್ಟೇ. ಅಲ್ಲಿ ಆಯ್ಕೆಗೆ ಅರ್ಥ ಬಂದದ್ದು ಅದಕ್ಕೆ ಮೊದಲು ವಾಸಿಸುವವರ ಹೆಸರಿಗೆ ಖಾತೆಯಿದ್ದುದರಿಂದ. ಬಾಡಿಗೆದಾರನೂ ಅಲ್ಲಿ ಸಾಮಾನ್ಯವಾಗಿ ತನ್ನ ಹೆಸರಿನಲ್ಲೇ ಬಿಲ್ಲು ಕಟ್ಟುತ್ತಾನೆ. ನಮ್ಮಲ್ಲಿ ಖಾತೆಯೇ ಪರರದ್ದು. ನಾಳೆ ನಾಲ್ಕು ಕಂಪನಿಗಳು ಅಬಿಡ್ಸ್‌ಗೆ ಬಂದು ನಿಂತರೂ ಆರಿಸುವವರು ಮೆಟ್ಟಿಲ ಕೆಳಗಿನ ಬಿಲ್ಲಿನಲ್ಲಿರುವ ತಾತನೇ. ಊಟಕ್ಕೆ ಎಲೆಯನ್ನೇ ಹಾಕದೆ ಬಡಿಸುವ ಬಗೆಗಳನ್ನು ವರ್ಣಿಸಿದಂತೆ ಇದು.

ಈ ಬದಲಾವಣೆ ಆಗುವ ತನಕ ಮನೆ ಬದಲಿಸುವವರು ಕೆಲವನ್ನು ತಾವೇ ಮಾಡಿಕೊಳ್ಳಬಹುದು. ಕರಾರಿಗೆ ಸಹಿ ಹಾಕುವ ಮುನ್ನ ಸಂಪರ್ಕ ಸಂಖ್ಯೆಯನ್ನು ಕೇಳಿ, ಬಾಕಿಯಿದೆಯೇ ನೋಡಿ. ಬೀಗದ ಕೈ ಪಡೆಯುವ ದಿನವೂ ಮರಳಿಸುವ ದಿನವೂ ಮಾಲೀಕರ ಎದುರಿನಲ್ಲೇ ಮೀಟರಿನ ಫೋಟೋ ತೆಗೆಯಿರಿ. ಮೀಟರು ಪ್ರತ್ಯೇಕವೋ ಹಂಚಿಕೆಯದೋ, ಹೆಚ್ಚುವರಿ ಠೇವಣಿ ಯಾರದು ಎಂಬುದನ್ನು ಕರಾರಿನಲ್ಲೇ ಬರೆಸಿ. ಇವನ್ನು ಕೇಳುವುದು ಜಗಳಗಂಟತನವಲ್ಲ. ಬಾಡಿಗೆಗೆ ಕೊಡುವ ಓದುಗರೂ ನಮ್ಮಲ್ಲಿದ್ದಾರೆ; ಅವರು ಪ್ರತಿ ಸಂಸಾರಕ್ಕೆ ಒಂದು ಮೀಟರು ಹಾಕಿಸಿದರೆ ಕಾಯ್ದೆ ಕೊಡಲಾಗದ್ದನ್ನು ತಾವು ಕೊಟ್ಟಂತಾಗುತ್ತದೆ. ನಡೆಯುವವರ ನಾಡಿನಲ್ಲಿ ಲೆಕ್ಕವೂ ನಡೆಯುವುದನ್ನು ಕಲಿಯಬೇಕು.